ಬೇಸಿಗೆಯ ಹಸಿರು ಹುಲ್ಲು: ಕುದುರೆ ಸಾಕಣೆಯಿಂದ ಒಂದು ಪಾಠ



ಸ್ವೀಡನ್ನಿನ ಹಳ್ಳಿಗಾಡಿನಲ್ಲಿ ಮನೆ ಮಾಡಿದರೆ ಒಂದಲ್ಲ ಒಂದು ಬೇಸಿಗೆಯಲ್ಲಿ ಪಕ್ಕದವರ ಕುದುರೆಗೆ ನೀರಿಡುವ ಕೆಲಸ ನಿಮ್ಮ ಪಾಲಿಗೂ ಬರಬಹುದು. ಕಾರ್ಲ್‌ಸ್ಟಾಡ್ ಪಕ್ಕದಲ್ಲಿರುವ ನಮಗೆ ಬಂತು. ಆ ಒಂದು ವಾರದಲ್ಲಿ ನಾನು ಕರುಣೆಯಿಂದಲೇ ಮಾಡಿದ ಒಂದು ತಪ್ಪಿನಿಂದ ಒಂದು ಪುಟ್ಟ ಕುದುರೆ ನಡೆಯಲಾರದೆ ನಿಂತುಬಿಟ್ಟಿತು. ಅದರಿಂದ ಕಲಿತದ್ದನ್ನು ಇಲ್ಲಿ ಪಾಠದಂತೆ ಬರೆದಿದ್ದೇನೆ. ಮಕ್ಕಳಿಗೂ ಓದಿ ಹೇಳಿ.

ಮೊದಲು ದಿನಚರಿ

ಕ್ಲಾರೆಲ್ವೆನ್ ನದಿ ವೆನೆರ್ನ್ ಸರೋವರವನ್ನು ಸೇರುವ ಜಾಗದಲ್ಲಿದೆ ಕಾರ್ಲ್‌ಸ್ಟಾಡ್. ಪಟ್ಟಣದಿಂದ ಸ್ವಲ್ಪ ಹೊರಗೆ ಬಂದರೆ ಸಾಕು, ಕೆಂಪು ಬಣ್ಣದ ಮರದ ಮನೆ, ಪಕ್ಕದಲ್ಲಿ ಲಾಯ, ಸುತ್ತ ಬೇಲಿ ಹಾಕಿದ ಹುಲ್ಲುಗಾವಲು. ನಮ್ಮ ಪಕ್ಕದ ಹಿರಿಯ ದಂಪತಿಗಳ ಹತ್ತಿರ ಮೂರು ಕುದುರೆಗಳಿವೆ. ಗಾಡಿ ಓಟದಿಂದ ನಿವೃತ್ತಿಯಾದ ಎತ್ತರದ ಕುದುರೆಯೊಂದು, ವಯಸ್ಸಾದ ನಾರ್ವೆಯ ಫ್ಯೋರ್ಡ್ ತಳಿಯ ಹೆಣ್ಣು ಕುದುರೆಯೊಂದು, ಗೋಟ್ಲಾಂಡ್ ದ್ವೀಪದ ರುಸ್ ಎಂಬ ಪೋನಿಯೊಂದು. ದೊಡ್ಡ ವ್ಯಾಪಾರವೇನಲ್ಲ, ಮನೆಮಟ್ಟಿಗೆ ಅಷ್ಟೆ.

ಜೂನ್ ಕೊನೆಯಲ್ಲಿ ಇಲ್ಲಿ ಬೆಳಗಿನ ನಾಲ್ಕರ ಸುಮಾರಿಗೇ ಸೂರ್ಯ ಹುಟ್ಟುತ್ತಾನೆ, ಮುಳುಗುವುದು ರಾತ್ರಿ ಹತ್ತು ದಾಟಿದ ಮೇಲೆ. ಹಾಗಾಗಿ ಕೆಲಸಕ್ಕೆ ಹೊತ್ತು ಸಾಲದು ಎನ್ನುವ ಹಾಗಿಲ್ಲ! ಮೊದಲ ಕೆಲಸ ನೀರು. ದೊಡ್ಡ ಕುದುರೆಯೊಂದು ಸೆಕೆಯ ದಿನ 40 ಲೀಟರಿಗೂ ಹೆಚ್ಚು ಕುಡಿಯಬಲ್ಲದು. ತೊಟ್ಟಿಯನ್ನು ಉಜ್ಜಿ ತೊಳೆದು ತುಂಬಬೇಕು, ಪಾಚಿ ಕಟ್ಟಿದರೆ ಕೆಲವು ಕುದುರೆಗಳು ಮೂತಿ ಇಡುವುದಿಲ್ಲ. ಆಮೇಲೆ ಒಂದೊಂದೇ ಕಾಲೆತ್ತಿ ಗೊರಸಿನಲ್ಲಿ ಸಿಕ್ಕಿದ ಕಲ್ಲು, ಮಣ್ಣು ತೆಗೆಯುವುದು. ಕಣ್ಣಿಗೆ ಮುತ್ತುವ ನೊಣಗಳಿಗೆ ಬಲೆಯ ಮುಖವಾಡ ಹಾಕುವುದು. ವಿದ್ಯುತ್ ಬೇಲಿಯಲ್ಲಿ ಕರೆಂಟ್ ಇದೆಯೇ ಎಂದು ನೋಡುವುದು. ಕೊನೆಗೆ ತಳ್ಳುಗಾಡಿ ಹಿಡಿದು ಹುಲ್ಲುಗಾವಲಿನ ಲದ್ದಿ ಎತ್ತುವುದು. ಇದು ಬರೀ ಚೊಕ್ಕಟಕ್ಕಲ್ಲ. ಲದ್ದಿಯಲ್ಲಿ ಹೊಟ್ಟೆಹುಳುಗಳ ಮೊಟ್ಟೆಗಳಿರುತ್ತವೆ, ಎತ್ತಿದಷ್ಟೂ ಹುಳುಬಾಧೆ ಕಡಿಮೆ. ಇಲ್ಲಿ ಹುಳುವಿನ ಔಷಧಿ ಪಶುವೈದ್ಯರ ಚೀಟಿ ಇಲ್ಲದೆ ಸಿಗುವುದಿಲ್ಲ.

ಬೇಸಿಗೆಯ ದೊಡ್ಡ ಕೆಲಸ ಮಾತ್ರ ಹುಲ್ಲು ಕೊಯ್ಲು. ಹೊಲದಂಚಿನಲ್ಲಿ ಪ್ಲಾಸ್ಟಿಕ್ ಸುತ್ತಿದ ಬಿಳಿ ಉಂಡೆಗಳನ್ನು ನೀವೂ ಕಾರಿನಿಂದ ನೋಡಿರುತ್ತೀರಿ. ಅದರೊಳಗಿರುವುದು ಅರ್ಧ ಒಣಗಿಸಿದ ಹುಲ್ಲು. ಗಾಳಿಯಾಡದಂತೆ ಸುತ್ತಿದ್ದರಿಂದ ಕೆಡುವುದಿಲ್ಲ, ಉದ್ದನೆಯ ಚಳಿಗಾಲಕ್ಕೆ ಅದೇ ಮೇವು. 2018ರ ಬೇಸಿಗೆಯಲ್ಲಿ ಮಳೆಯೇ ಬಾರದೆ ಸ್ವೀಡನ್ನಿನ ಹುಲ್ಲೆಲ್ಲ ಒಣಗಿ, ಮೇವಿಲ್ಲದೆ ಅನೇಕ ರೈತರು ದನಗಳನ್ನು ಅವಧಿಗೆ ಮೊದಲೇ ಕಸಾಯಿಖಾನೆಗೆ ಕಳಿಸಬೇಕಾಯಿತು. ನಮ್ಮ ಕಡೆಯ ಬರಗಾಲ ಕಂಡವರಿಗೆ ಆ ಸಂಕಟ ಬಿಡಿಸಿ ಹೇಳಬೇಕಿಲ್ಲ.

ನಾನು ಮಾಡಿದ ತಪ್ಪು

ನಾನು ತುಮಕೂರು ಜಿಲ್ಲೆಯ ಹಳ್ಳಿಯಿಂದ ಬಂದವನು. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ ಕುದುರೆ ಫಾರಮ್ಮನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೊರತು ಕುದುರೆ ಮುಟ್ಟಿ ಗೊತ್ತಿರಲಿಲ್ಲ. ಗೊತ್ತಿದ್ದುದು ಹಸು, ಎಮ್ಮೆ. ನಮ್ಮಲ್ಲಿ ಬೇಸಿಗೆ ಅಂದರೆ ಬಯಲೆಲ್ಲ ಒಣಗಿ, ಹುಲ್ಲಿನ ಬಣವೆ ದಿನದಿನಕ್ಕೂ ಕರಗುವ ಕಾಲ. ಒಂದು ಹೊರೆ ಹಸಿಹುಲ್ಲು ಸಿಕ್ಕಿದರೆ ಅಮ್ಮ ಹಬ್ಬದಂತೆ ಹಸುವಿನ ಮುಂದೆ ಹಾಕುತ್ತಿದ್ದಳು. ಹಸಿಹುಲ್ಲು ಎಂದೂ ಕೆಟ್ಟದ್ದಲ್ಲ ಎಂಬುದು ನನ್ನ ರಕ್ತದಲ್ಲೇ ಇತ್ತು.

ಜುಲೈ ಮೊದಲ ವಾರ ದಂಪತಿಗಳು ಮಗಳ ಮನೆಗೆ ಹೊರಟರು. ಲಾಯದ ಗೋಡೆಗೆ ಒಂದು ಚೀಟಿ ಅಂಟಿಸಿದ್ದರು. ದೊಡ್ಡ ಕುದುರೆಗಳೆರಡು ಹುಲ್ಲುಗಾವಲಿನಲ್ಲಿ ಇರಲಿ. ಪೋನಿ ಮಾತ್ರ ಹುಲ್ಲು ಸವೆದ ಚಿಕ್ಕ ಆವರಣದಲ್ಲೇ ಇರಲಿ, ಅದಕ್ಕೆ ತೂಕ ಮಾಡಿದ ಒಣಹುಲ್ಲು ಅಷ್ಟೆ. ಕಾರಣ ಬರೆದಿರಲಿಲ್ಲ, ನಾನು ಕೇಳಲೂ ಇಲ್ಲ.

ಮೂರನೆಯ ದಿನ ಮಧ್ಯಾಹ್ನ ಆ ಪೋನಿ ಬೇಲಿಗೆ ಎದೆಯೊತ್ತಿ ಕೆನೆಯುತ್ತಿತ್ತು. ಆಚೆ ಮೊಣಕಾಲೆತ್ತರದ ಹಸಿರು, ಈಚೆ ಬರೀ ಮಣ್ಣು. "ಪಾಪ, ಇದೊಂದಕ್ಕೆ ಯಾಕೆ ಉಪವಾಸ?" ಎಂದು ಗೇಟು ತೆಗೆದೆ. ಸಂಜೆಯವರೆಗೂ ಮೇಯಿತು. ಮರುದಿನವೂ ಹಾಗೇ ಮಾಡಿದೆ. ಬಹಳ ಒಳ್ಳೆಯ ಕೆಲಸ ಮಾಡಿದೆನೆಂದು ಊಟದ ಹೊತ್ತಿಗೆ ಮನೆಯವರ ಹತ್ತಿರ ಹೇಳಿಕೊಂಡೆ ಕೂಡ.

ಐದನೆಯ ದಿನ ಬೆಳಗ್ಗೆ ಒಂಬತ್ತು ವರ್ಷದ ಮಗಳು ಓಡಿಬಂದು, "ಅಪ್ಪಾ, ಅದು ಸರಿಯಾಗಿ ನಿಂತಿಲ್ಲ" ಎಂದಳು. ಹೋಗಿ ನೋಡಿದರೆ ಮುಂಗಾಲೆರಡನ್ನೂ ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ, ಕಾದ ಕಾವಲಿಯ ಮೇಲೆ ನಿಂತಂತೆ ಒಂದೊಂದೇ ಕಾಲು ಎತ್ತಿ ಇಡುತ್ತಿತ್ತು. ಗೊರಸು ಮುಟ್ಟಿದರೆ ಬಿಸಿ. ಮನೆಯೊಡತಿಗೆ ಫೋನ್ ಮಾಡಿದೆ. ಆಕೆ ಬೈಯಲಿಲ್ಲ. "ನಡೆಸಬೇಡ, ಕಾಲನ್ನು ಐಸ್ ನೀರಿನಲ್ಲಿಡು, ಈಗಲೇ ವೈದ್ಯರನ್ನು ಕರೆ" ಎಂದರು.

ಆದದ್ದೇನು?

ಈ ಕಾಯಿಲೆಗೆ ಸ್ವೀಡಿಷ್‌ನಲ್ಲಿ 'ಫೋಂಗ್' ಎನ್ನುತ್ತಾರೆ. ಗೊರಸಿನ ಗೋಡೆಯನ್ನೂ ಒಳಗಿನ ಮೂಳೆಯನ್ನೂ ಹಿಡಿದಿಡುವ ಸೂಕ್ಷ್ಮ ಪದರಗಳಿಗೆ ಪೆಟ್ಟಾಗಿ ಹಿಡಿತ ಸಡಿಲವಾಗುತ್ತದೆ. ಕುದುರೆಯ ಇಡೀ ಭಾರ ಆ ಹಿಡಿತದ ಮೇಲಿರುತ್ತದೆ. ಅದು ಪೂರ್ತಿ ಬಿಟ್ಟರೆ ಮೂಳೆ ತಿರುಗಿ ಕೆಳಕ್ಕೆ ಇಳಿಯುತ್ತದೆ. ಆಗ ಪ್ರಾಣಿಯನ್ನು ಉಳಿಸುವುದೇ ಕಷ್ಟ. ಸ್ವೀಡನ್ನಿನ ಪಶುವೈದ್ಯ ನಿಲ್ಸ್ ಓಬೆಲ್ 1948ರಲ್ಲಿ ಇದರ ಬಗ್ಗೆ ಪ್ರಬಂಧ ಬರೆದರು. ಕುಂಟುವಿಕೆಯನ್ನು ಅವರು ವಿಂಗಡಿಸಿದ ನಾಲ್ಕು ದರ್ಜೆಗಳನ್ನು ಇಂದಿಗೂ ಜಗತ್ತಿನ ವೈದ್ಯರು ಬಳಸುತ್ತಾರೆ. ನಮ್ಮ ಪೋನಿಯದು ಎರಡನೆಯ ದರ್ಜೆ ಎಂದರು ಬಂದ ವೈದ್ಯರು.

ಹುಲ್ಲು ತಿಂದರೆ ಕಾಲಿಗೇಕೆ ಪೆಟ್ಟು? ಬಿಸಿಲಿನಲ್ಲಿ ಹುಲ್ಲು ಸಕ್ಕರೆ ತಯಾರಿಸುತ್ತದೆ. ಬಿಸಿಲಿನ ದಿನ ಮಧ್ಯಾಹ್ನದಿಂದ ಸಂಜೆಯವರೆಗೆ ಅದು ಅತಿ ಹೆಚ್ಚು, ರಾತ್ರಿ ಬೆಳವಣಿಗೆಗೆ ಖರ್ಚಾಗಿ ಬೆಳಗಿನ ಜಾವಕ್ಕೆ ಕಡಿಮೆ. (ರಾತ್ರಿ ಬಹಳ ಚಳಿಯಿದ್ದರೆ ಬೆಳಗ್ಗೆಯೂ ಉಳಿದಿರುತ್ತದೆ.) ಸಕ್ಕರೆ ಹೆಚ್ಚಾದಾಗ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಅದು ವಿಪರೀತ ಏರಿದರೆ ಗೊರಸಿನ ಆ ಪದರಗಳು ಹಾಳಾಗುತ್ತವೆ. ರುಸ್‌ನಂಥ ತಳಿಗಳು ಬಡ ಹುಲ್ಲಿನ ಕಾಡಿನಲ್ಲಿ ಬದುಕಿ ಬಂದವು. ಸ್ವಲ್ಪ ತಿಂದು ಬಹಳ ಉಳಿಸುವ ಮೈ ಅವುಗಳದು. ಬಡತನದಲ್ಲಿ ಅವನ್ನು ಉಳಿಸಿದ ಗುಣವೇ ಸಮೃದ್ಧಿಯಲ್ಲಿ ಶತ್ರು. ಊರು ಬಿಟ್ಟು ಬಂದು ಸಕ್ಕರೆ ಕಾಯಿಲೆ ತಂದುಕೊಂಡ ನಮಗೆ ಇದು ಅರ್ಥವಾಗದ ಮಾತೇನಲ್ಲ!

ಕುದುರೆ ಹಸುವಲ್ಲ

ಹಸು ಮೆಲುಕು ಹಾಕುತ್ತದೆ, ಅದಕ್ಕೆ ನಾಲ್ಕು ಕೋಣೆಯ ಹೊಟ್ಟೆ. ಕುದುರೆಗೆ ಇರುವುದು ಒಂದೇ ಜಠರ, ಅದೂ ಸುಮಾರು 8ರಿಂದ 15 ಲೀಟರಿನದು. ನಾರು ಕರಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ಕುದುರೆ ವಾಂತಿ ಮಾಡಲಾರದು, ತಿಂದದ್ದು ಹೆಚ್ಚಾದರೆ ಹೊರಹಾಕುವ ದಾರಿಯಿಲ್ಲ. ಅದಕ್ಕೇ ಸ್ವಲ್ಪ ಸ್ವಲ್ಪವಾಗಿ ದಿನವೆಲ್ಲ ತಿನ್ನಬೇಕು, ಮೇವು ಬದಲಾಯಿಸುವುದಿದ್ದರೆ ಎರಡು ಮೂರು ವಾರಗಳಲ್ಲಿ ನಿಧಾನವಾಗಿ ಬದಲಾಯಿಸಬೇಕು.

ನೆನಪಿಡಬೇಕಾದ್ದು

1. ಯಜಮಾನರ ಚೀಟಿಯಲ್ಲಿರುವಂತೆಯೇ ಮಾಡಿ. ಕಾರಣ ತಿಳಿಯದಿದ್ದರೆ ಕೇಳಿ.
2. ಬೇಲಿಯಾಚೆಯ ಕುದುರೆಗೆ ಹುಲ್ಲು, ಸೇಬು, ರೊಟ್ಟಿ ಏನನ್ನೂ ಕೊಡಬೇಡಿ. ಅದು ಪಥ್ಯದಲ್ಲಿರಬಹುದು.
3. ಪಥ್ಯವೆಂದರೆ ಉಪವಾಸವಲ್ಲ. 200 ಕಿಲೋ ತೂಕದ ಪೋನಿಗೂ ದಿನಕ್ಕೆ ಸುಮಾರು 3 ಕಿಲೋ ಒಣ ಮೇವು ಬೇಕೇ ಬೇಕು.
4. ಬೆಳಗ್ಗೆ ನಿಲ್ಲುವ ಭಂಗಿ ನೋಡಿ, ಗೊರಸು ಮುಟ್ಟಿ ನೋಡಿ. ಬಿಸಿಯಿದ್ದು ಹೆಜ್ಜೆ ಗಡುಸಾಗಿದ್ದರೆ ತಡಮಾಡದೆ ವೈದ್ಯರನ್ನು ಕರೆಯಿರಿ.

ಮಕ್ಕಳಿಗೆ ಕನ್ನಡ ಪದಗಳು

ಲಾಯ: ಕುದುರೆ ಕಟ್ಟುವ ಮನೆ (ಸ್ವೀಡಿಷ್: ಸ್ಟಾಲ್). ಗೊರಸು: ಪಾದದ ಗಟ್ಟಿ ಭಾಗ. ಲಾಳ: ಗೊರಸಿಗೆ ಹೊಡೆಯುವ ಕಬ್ಬಿಣ. ಲದ್ದಿ: ಕುದುರೆಯ ಸಗಣಿ. ಜೀನು: ಬೆನ್ನಿನ ಮೇಲಿನ ಆಸನ. ಲಗಾಮು: ಬಾಯಿಗೆ ಹಾಕುವ ಹಿಡಿತ. ಹುರುಳಿ: ನಮ್ಮಲ್ಲಿ ಕುದುರೆಗೆ ಕೊಡುವ ಕಾಳು. ಕುಕ್ಕೆ: ಮೇಯದಂತೆ ಬಾಯಿಗೆ ಕಟ್ಟುವ ಬುಟ್ಟಿ.

ಕೊನೆಯ ಪದಕ್ಕೆ ಒಂದು ಕಥೆಯಿದೆ. ಎರಡು ದಿನ ಸರದಿಯ ಮೇಲೆ ಐಸ್ ನೀರು ಬದಲಾಯಿಸಿದೆವು, ವೈದ್ಯರು ನೋವಿನ ಔಷಧಿ ಕೊಟ್ಟರು, ದಪ್ಪಗೆ ಮರದ ಹೊಟ್ಟು ಹಾಸಿದೆವು. ಹಲವು ವಾರಗಳ ಮೇಲೆ ಪೋನಿ ನೆಟ್ಟಗೆ ನಡೆಯಿತು. ಆಮೇಲೆ ಒಂದು ಬೆಳಗ್ಗೆ ಮನೆಯೊಡತಿ ಅದರ ಬಾಯಿಗೆ ತೂತುಗಳಿರುವ ಬುಟ್ಟಿ ಕಟ್ಟಿ ಒಂದು ಗಂಟೆ ಹುಲ್ಲಿಗೆ ಬಿಟ್ಟರು. ನೋಡಿದರೆ, ಕಣದಲ್ಲಿ ಅಪ್ಪ ಎತ್ತುಗಳಿಗೆ ಕಟ್ಟುತ್ತಿದ್ದ ಅದೇ ಕುಕ್ಕೆ! ಅತಿಯಾದರೆ ಅಮೃತವೂ ವಿಷ ಎಂದು ಅಮ್ಮನೂ ಹೇಳುತ್ತಿದ್ದಳು. ಹಸಿಹುಲ್ಲಿಗೂ ಆ ಮಾತು ಸಲ್ಲುತ್ತದೆಂದು ನನಗೆ ಹೊಳೆದಿರಲಿಲ್ಲ.

ಈ ಬೇಸಿಗೆಯಲ್ಲೂ ಆ ಕುದುರೆಗಳನ್ನು ನೋಡಿಕೊಳ್ಳಲು ನಮ್ಮನ್ನೇ ಕೇಳಿದ್ದಾರೆ. ಚೀಟಿಯನ್ನು ಮಗಳು ಕನ್ನಡದಲ್ಲಿ ಬರೆದು ಗೇಟಿಗೇ ಕಟ್ಟಿದ್ದಾಳೆ.