ಮೃದ್ವಸ್ಥಿಯ ಕಸಿಗೆ ಅಂಟು: ನಂಬುವ ಮುನ್ನ ನಡೆಯುವ ಪರೀಕ್ಷೆ

ಮೂಗಿನ ದಿಂಡು ಕುಸಿದವರಿಗೆ, ಕಿವಿಯ ತಮಟೆ ಹರಿದವರಿಗೆ, ಹುಟ್ಟಿನಿಂದಲೇ ಹೊರಕಿವಿ ಬೆಳೆಯದ ಮಕ್ಕಳಿಗೆ ವೈದ್ಯರು ಅವರದೇ ದೇಹದ ಮೃದ್ವಸ್ಥಿಯನ್ನು ತೆಗೆದು ಕಸಿ ಮಾಡುವುದುಂಟು. ನಾಗಪುರದಲ್ಲಿ 1947ರಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವು ಆರಂಭವಾಯಿತು. ಇಂದು ಈ ಊರಿನಲ್ಲಿಯೇ ಚಿಕಿತ್ಸೆಗೆ ನಿಲ್ಲುವ ಕನ್ನಡ ಕುಟುಂಬಗಳು ಸಮ್ಮತಿಪತ್ರಕ್ಕೆ ರುಜು ಹಾಕುವ ಮುನ್ನ ಒಂದು ಸಂಗತಿಯನ್ನು ತಿಳಿದಿರುವುದು ಒಳ್ಳೆಯದು.

ಮೃದ್ವಸ್ಥಿಯ ಚಿಕ್ಕ ತುಣುಕಿಗೆ ಸೂಜಿ ಚುಚ್ಚಿದರೆ ಅದು ಸೀಳಬಹುದು. ಹೊಲಿಯದೆ ಬಿಟ್ಟರೆ ಜಾರಬಹುದು. ಆದುದರಿಂದ ಅಂಟಿನ ಆಸೆ. ಆದರೆ ಮೃದ್ವಸ್ಥಿಯೊಳಗೆ ರಕ್ತನಾಳಗಳಿಲ್ಲ. ಸುತ್ತಲಿನ ದ್ರವವು ಜಿನುಗಿ ಒಳಸೇರಿದರೆ ಮಾತ್ರ ಅದರ ಜೀವಕೋಶಗಳಿಗೆ ಆಹಾರ. ಅಂಟಿನ ದಪ್ಪ ಪದರವು ಈ ದಾರಿಯನ್ನೇ ಮುಚ್ಚಿದರೆ, ತುಣುಕು ಗಟ್ಟಿಯಾಗಿ ನಿಂತರೂ ಒಳಗೆ ಸಾಯತೊಡಗುತ್ತದೆ.

ಸಯನೋಅಕ್ರಿಲೇಟ್ ಎಂಬ ಅಂಟನ್ನು ಅಮೆರಿಕೆಯ ಹ್ಯಾರಿ ಕೂವರ್ 1942ರಲ್ಲಿ, ಬಂದೂಕಿನ ಗುರಿದರ್ಶಕಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗ ಕಂಡರು. ಎಲ್ಲಕ್ಕೂ ಅಂಟಿಕೊಳ್ಳುತ್ತದೆಂದು ಆಗ ಅದನ್ನು ಬದಿಗಿಟ್ಟರು! 1958ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ತೇವಾಂಶ ತಗಲಿದೊಡನೆ ಇದು ಶಾಖವನ್ನು ಹೊರಚೆಲ್ಲುತ್ತ ಗಟ್ಟಿಯಾಗುತ್ತದೆ; ಮುಂದೆ ದೇಹದಲ್ಲಿ ಒಡೆಯುವಾಗ ಫಾರ್ಮಾಲ್ಡಿಹೈಡ್ ಮುಂತಾದವು ಹುಟ್ಟುತ್ತವೆ. ಮೀಥೈಲ್, ಈಥೈಲ್ ಜಾತಿಯವು ಬೇಗ ಒಡೆಯುವುದರಿಂದ ವಿಷ ಹೆಚ್ಚು. ಬ್ಯುಟೈಲ್, ಆಕ್ಟೈಲ್ ಜಾತಿಯವು ನಿಧಾನವಾಗಿ ಒಡೆಯುವುದರಿಂದ ಕಡಿಮೆ. ಮೊಲದ ಕಿವಿಯ ಮೇಲೆ ನಡೆದು 1990ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿಯೂ ಈಥೈಲ್ ಅಂಟೇ ಹೆಚ್ಚು ಹಾನಿಕರವೆಂದು ಕಂಡಿತು.

ಪರೀಕ್ಷೆಯ ಕ್ರಮವನ್ನು ಐ.ಎಸ್.ಓ. 10993 ಎಂಬ ಅಂತರರಾಷ್ಟ್ರೀಯ ಮಾನದಂಡವು ವಿಧಿಸಿದೆ. ಮೊದಲು ಅಂಟನ್ನು ದ್ರವದಲ್ಲಿ ನೆನೆಸಿ, ಆ ಸಾರವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಹಾಕುತ್ತಾರೆ. ಜೀವಂತಿಕೆಯು ನೂರಕ್ಕೆ 30ಕ್ಕಿಂತ ಹೆಚ್ಚು ಕುಗ್ಗಿದರೆ ಅದು ವಿಷಕಾರಿಯೆಂಬ ಲೆಕ್ಕ. ಬಳಿಕ ಪ್ರಾಣಿಯ ದೇಹದಲ್ಲಿಟ್ಟು, ನಿಗದಿಯಾದ ಅವಧಿಗಳಲ್ಲಿ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಡಿ ನೋಡುತ್ತಾರೆ: ಉರಿಯೂತವಿದೆಯೆ, ಮೃದ್ವಸ್ಥಿಯ ಕೋಶಗಳು ಉಳಿದಿವೆಯೆ, ಅಂಟಿನ ಸುತ್ತ ದೈತ್ಯಕೋಶಗಳು ಮುತ್ತಿವೆಯೆ. ಸಾಲ ಕೇಳಿ ಬಂದ ವರ್ತಕನನ್ನು ಒಂದು ದಿನದ ಶಿಲ್ಕು ನೋಡಿ ಯಾರೂ ನಂಬರು. ಇಲ್ಲಿಯೂ ಮೊದಲ ವಾರದ ನೋಟವೊಂದೇ ಸಾಲದು.

ರಕ್ತದ ಫೈಬ್ರಿನೋಜನ್ ಮತ್ತು ಥ್ರಾಂಬಿನ್ ಸೇರಿಸಿದ ಫೈಬ್ರಿನ್ ಅಂಟು ದೇಹಕ್ಕೆ ಹೆಚ್ಚು ಸ್ನೇಹಿ, ಆದರೆ ಹಿಡಿತ ಕಡಿಮೆ. ದಾನಿಗಳ ರಕ್ತದಿಂದ ಬರುವುದಾದರೆ ವೈರಾಣುಗಳ ಶೋಧನೆಯೂ ಅವಶ್ಯ. ಭಾರತದಲ್ಲಿ 2018ರ ಜನವರಿ 1ರಿಂದ ಜಾರಿಗೆ ಬಂದ ವೈದ್ಯಕೀಯ ಸಾಧನಗಳ ನಿಯಮಾವಳಿಯು ಸಾಧನಗಳನ್ನು ಅಪಾಯಕ್ಕೆ ತಕ್ಕಂತೆ ನಾಲ್ಕು ವರ್ಗಗಳಾಗಿ ವಿಂಗಡಿಸಿದೆ.

ಚರ್ಮದ ಮೇಲ್ಗಾಯಕ್ಕೆ ಒಪ್ಪಿಗೆ ಪಡೆದ ಅಂಟು ಒಳಗಿನ ಕಸಿಗೂ ಒಪ್ಪಿತವೆಂದು ಭಾವಿಸಲಾಗದು. ಯಾವ ಅಂಟು, ಯಾವ ಬಳಕೆಗೆ ಅನುಮತಿ, ಹೊಲಿಗೆಯಿಂದ ಆಗದೆ ಎಂದು ರೋಗಿಯ ಕಡೆಯವರು ಕೇಳಿದರೆ ವೈದ್ಯರು ಬೇಸರಿಸಲಾರರು. ಅಂಗಡಿಯಲ್ಲಿ ಸಿಗುವ ಅಂಟುಗಳಲ್ಲಿ ಬಹುಪಾಲು ಈಥೈಲ್ ಜಾತಿಯವು. ಮಗುವಿನ ಮೂಗು, ಕಿವಿ ಸೀಳಿದಾಗ ಅವನ್ನು ಮುಟ್ಟಲೇಬಾರದು. ಇನ್ನು ನಾಗಪುರದ ಬೇಸಗೆ 45 ಡಿಗ್ರಿ ದಾಟುವ ಬೇಸಗೆ. ತಂಪಿನಲ್ಲಿಡಬೇಕಾದ ವೈದ್ಯಕೀಯ ಅಂಟು ಬಿಸಿಲಿನಲ್ಲಿ ಪ್ರಯಾಣ ಮಾಡಿ, ಕೊಳವೆಯಲ್ಲಿಯೇ ಮಂದವಾಗಿದ್ದರೆ, ಬೆಲೆ ಎಷ್ಟಿದ್ದರೂ ಅದನ್ನು ಎಸೆಯತಕ್ಕದ್ದು.