ಫೋಟೊದಲ್ಲಿ ಕಾಣದ ಖಾಲಿ ಜಾಗ

ಸಕ್ಕರೆ ಕಾಯಿಲೆಯವರ ಕಣ್ಣಿನೊಳಗಿನ ಫೋಟೊವನ್ನು ಮೊದಲ ಸಲ ಕೈಗೆತ್ತಿಕೊಂಡವರು ಕೂಡಲೇ ಕೆಂಪು ಚುಕ್ಕೆ ಹುಡುಕಲು ಹೊರಡುತ್ತಾರೆ. ಸ್ವಲ್ಪ ತಾಳಿ, ಮೊದಲು ಊರು ಗುರುತಾಗಲಿ. ಕಿತ್ತಳೆ ಬಣ್ಣದ ರೆಟಿನಾದ ಮೇಲೆ ಹಳದಿ ಬಿಲ್ಲೆಯಂತೆ ಕಾಣುವುದು ದೃಷ್ಟಿನರದ ತುದಿ. ರಕ್ತನಾಳಗಳು ಅಲ್ಲಿಂದಲೇ ಕವಲೊಡೆಯುತ್ತವೆ. ತೆಳುವಾಗಿ ತಿಳಿಗೆಂಪಾಗಿರುವುದು ಅಪಧಮನಿ, ದಪ್ಪಗೆ ಕಡುಗೆಂಪಾಗಿರುವುದು ಅಭಿಧಮನಿ. ಪಕ್ಕದಲ್ಲಿ ತುಸು ಕಪ್ಪಗಿರುವ ಜಾಗ ಮ್ಯಾಕ್ಯುಲಾ. ಈ ಸಾಲನ್ನು ನೀವು ಓದುತ್ತಿರುವುದು ಅದರಿಂದಲೇ.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ, ಕೂದಲಿಗಿಂತ ತೆಳುವಾದ ಲೋಮನಾಳಗಳನ್ನು ತಬ್ಬಿ ಹಿಡಿದಿರುವ ಜೀವಕೋಶಗಳು ಸಾಯುತ್ತವೆ. ಸವೆದ ಸೈಕಲ್ ಟ್ಯೂಬಿನಂತೆ ಗೋಡೆ ಅಲ್ಲಲ್ಲಿ ಉಬ್ಬುತ್ತದೆ. ನೀವು ಹುಡುಕುತ್ತಿದ್ದ ಚುಕ್ಕೆ ಈ ಉಬ್ಬೇ. ಒಡೆದರೆ ರಕ್ತದ ಕಲೆ, ಸೋರಿದರೆ ಕೊಬ್ಬಿನ ಹಳದಿ ಹರಳು. ಮ್ಯಾಕ್ಯುಲಾದಲ್ಲಿ ನೀರು ತುಂಬಿ ಊದಿದರೆ ಚಪ್ಪಟೆ ಫೋಟೊ ಸಾಲದು. 1991ರಲ್ಲಿ ಬಂದ ಓಸಿಟಿ ಎಂಬ ಸ್ಕ್ಯಾನ್ ರೆಟಿನಾವನ್ನು ಪದರ ಪದರವಾಗಿ ಅಡ್ಡ ಸೀಳಿ ನೋಡಿದಂತೆ ತೋರಿಸುತ್ತದೆ.

ಆದರೆ ನನಗೆ ಹೆಚ್ಚು ಭಯ ಚುಕ್ಕೆಗಳದ್ದಲ್ಲ, ರಕ್ತವೇ ಹರಿಯದ ಜಾಗಗಳದ್ದು. ಲೋಮನಾಳ ಮುಚ್ಚಿಹೋದ ಭಾಗ ಬಣ್ಣದ ಫೋಟೊದಲ್ಲಿ ಹೆಚ್ಚುಕಡಿಮೆ ಆರೋಗ್ಯವಾಗಿಯೇ ಕಾಣಬಹುದು. ಹತ್ತಿಯ ಎಳೆಯಂಥ ಬಿಳಿ ಕಲೆ, ಮಣಿ ಪೋಣಿಸಿದಂತೆ ಗಂಟುಗಂಟಾದ ಅಭಿಧಮನಿ ಇವೆಲ್ಲ ಬರೀ ಸುಳಿವು. ಆ ಖಾಲಿ ಜಾಗವನ್ನು ನೇರವಾಗಿ ತೋರಿಸುವ ವಿಧಾನವನ್ನು 1961ರಲ್ಲಿ ಪ್ರಕಟಿಸಿದವರು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ನೊವೊಟ್ನಿ ಮತ್ತು ಆಲ್ವಿಸ್. ತೋಳಿನ ಅಭಿಧಮನಿಗೆ ಫ್ಲೋರೆಸೀನ್ ಎಂಬ ಬಣ್ಣ ಚುಚ್ಚಿ, ನೀಲಿ ಬೆಳಕು ಹಾಯಿಸಿದರೆ ಕೆಲವೇ ಸೆಕೆಂಡುಗಳಲ್ಲಿ ನಾಳಗಳು ಮಿನುಗುತ್ತವೆ. ಮುಚ್ಚಿದ ಕಡೆ ಕತ್ತಲೆ ಉಳಿಯುತ್ತದೆ. (ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆಂದು ರೋಗಿಗೆ ಮೊದಲೇ ಹೇಳಿಬಿಡಿ, ಪಾಪ, ಗಾಬರಿಯಾಗುತ್ತಾರೆ.) ಈಗಿನ ಓಸಿಟಿ ಆಂಜಿಯೋಗ್ರಫಿಗೆ ಬಣ್ಣವೇ ಬೇಡ. ಒಂದೇ ಜಾಗವನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ, ಚಲಿಸಿದ್ದನ್ನು ಮಾತ್ರ ಹೆಕ್ಕುತ್ತದೆ, ಚಲಿಸುವುದು ರಕ್ತಕಣ. ಸೋರಿಕೆಯನ್ನು ಮಾತ್ರ ಅದು ತೋರಿಸದು.

ಹಸಿದ ರೆಟಿನಾ ಹೊಸ ನಾಳಗಳನ್ನು ಕರೆಸಿಕೊಳ್ಳುತ್ತದೆ. ಅವು ಬಲು ದುರ್ಬಲ. ಒಡೆದ ದಿನ ಕಣ್ಣೆದುರು ಕಪ್ಪು ಪರದೆ ಇಳಿದಂತಾಗುತ್ತದೆ. ಅದಕ್ಕೆ ಹಿಂದಿನ ದಿನದವರೆಗೂ ಅದೇ ವ್ಯಕ್ತಿ ಕಣ್ಣಿನ ಪರೀಕ್ಷೆಯ ಬೋರ್ಡಿನ ಕೊನೆಯ ಸಾಲನ್ನು ಸರಾಗವಾಗಿ ಓದಿರಬಹುದು. ಆದ್ದರಿಂದಲೇ ಟೈಪ್ 2 ಸಕ್ಕರೆ ಕಾಯಿಲೆ ಎಂದು ಗೊತ್ತಾದ ಕೂಡಲೇ ಮೊದಲ ಪರೀಕ್ಷೆ, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಎಲ್ಲ ಮಂಜುಮಂಜು, ಆವತ್ತು ಸ್ಕೂಟರ್ ಮನೆಯಲ್ಲೇ ಇರಲಿ.