ಜೇಷ್ಠಮಧುವಿನ ಗುಳಿಗೆ: ಬೇಲಿಯ ಬೇರು ಬೇಡ

ಕಳೆದ ಚಳಿಗಾಲದಲ್ಲಿ, ಶುಂಠಿ ಕೀಳುವ ಕೆಲಸ ಭರದಿಂದ ನಡೆಯುತ್ತಿದ್ದ ದಿನಗಳಲ್ಲಿ, ಸಾಲಗಾಮೆಗೆ ಸಮೀಪದ ಒಂದು ಮನೆಯಲ್ಲಿ ಗಂಟಲುಕೆರೆತಕ್ಕೆಂದು ಸಿಹಿಗುಳಿಗೆಯ ಸಿದ್ಧತೆ ನಡೆದಿದ್ದುದನ್ನು ಕಂಡೆನು. ಜಗಲಿಯ ಮೇಲೆ ಮೊರದಲ್ಲಿ ಒಣಗಲಿಟ್ಟಿದ್ದ ಬೇರನ್ನು ತೋರಿಸಿ ಮನೆಯ ಹಿರಿಯಾಕೆ, “ನಮ್ಮ ಬೇಲೀದೇ ಅತಿಮಧುರ ಕಣಪ್ಪ, ದುಡ್ಡು ಕೊಟ್ಟು ತರೋದ್ಯಾಕೆ?” ಎಂದರು. ಬೇರಿನ ಸಂದಿನಲ್ಲಿ ಕರಿಯ ಕಣ್ಣಿನ ಎರಡು ಕೆಂಪು ಮಣಿಗಳು ಸಿಕ್ಕಿಕೊಂಡಿದ್ದುವು. ಅವರು ಅಗೆದು ತಂದಿದ್ದುದು ಗುಲಗಂಜಿಯ ಬೇರು. ಈ ಪ್ರಮಾದವನ್ನು ಬೇರೆ ಮನೆಗಳಲ್ಲಿಯೂ ಕಂಡಿರುವೆನಾದಕಾರಣ, ಗುಳಿಗೆಯ ವಿಧಾನವನ್ನು ಮೂಲದಿಂದಲೇ ಬರೆಯುವುದು ಅವಶ್ಯವೆನಿಸಿತು.

ಅತಿಮಧುರ, ಯಷ್ಟಿಮಧು, ಜೇಷ್ಠಮಧು ಎಂಬ ಹೆಸರುಗಳೆಲ್ಲ ಒಂದೇ ಗಿಡದವು. ಅದು ಅವರೆ ತೊಗರಿಗಳ ಕುಲಕ್ಕೆ ಸೇರಿದ್ದು. ಮೆಡಿಟರೇನಿಯನ್ ತೀರದಿಂದ ಮಧ್ಯ ಏಷ್ಯಾದವರೆಗಿನ ಒಣಭೂಮಿ ಅದರ ತವರು. ನಮ್ಮ ಅಂಗಡಿಗಳಿಗೆ ಬರುವ ಬೇರು ಬಹುಮಟ್ಟಿಗೆ ಇರಾನ್, ಆಫ್ಘಾನಿಸ್ತಾನಗಳ ಕಡೆಯದು. ಚರಕಸಂಹಿತೆಯು ಇದನ್ನು ಕಂಠಕ್ಕೆ ಹಿತವಾದ ಹತ್ತು ದ್ರವ್ಯಗಳಲ್ಲಿ ಒಂದಾಗಿ ಎಣಿಸಿದೆ. ಇಂಗ್ಲೆಂಡಿನ ಪಾಂಟೆಫ್ರಾಕ್ಟ್ ಪಟ್ಟಣದಲ್ಲಿ ಜಾರ್ಜ್ ಡನ್‌ಹಿಲ್ ಎಂಬಾತನು 1760ರಲ್ಲಿ ಇದರ ಸಾರಕ್ಕೆ ಸಕ್ಕರೆ ಬೆರೆಸಿ ಬಿಲ್ಲೆ ಮಾಡಿದನೆನ್ನುವರು. ಸಕ್ಕರೆಗಿಂತ 50 ಪಾಲಿನಷ್ಟು ಸಿಹಿಯಾದ ಗ್ಲಿಸಿರೈಜಿನ್ ಎಂಬ ಸತ್ತ್ವವೇ ಈ ಬೇರಿನ ಮಾಧುರ್ಯಕ್ಕೆ ಕಾರಣ.

ಇನ್ನು ಗುಲಗಂಜಿಯ ಮಾತು. ಇದೂ ಅದೇ ಕುಲದ ಬಳ್ಳಿಯಾಗಿರುವುದು, ಇದರ ಎಲೆಯೂ ಸಿಹಿಯಾಗಿರುವುದು, ಬಾಯಿಹುಣ್ಣಿಗೂ ಒಡೆದ ದನಿಗೂ ಅದನ್ನು ಅಗಿಯುವ ರೂಢಿಯಿರುವುದು, ಹಳೆಯ ಇಂಗ್ಲಿಷ್ ಪುಸ್ತಕಗಳು ಇದನ್ನೇ ಭಾರತದ ಅತಿಮಧುರವೆಂದು ಕರೆದಿರುವುದು, ಇವೆಲ್ಲ ಕೂಡಿ ಜನರನ್ನು ದಾರಿ ತಪ್ಪಿಸಿವೆ. ಆದರೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಆ ಚೆಲುವಾದ ಬೀಜದೊಳಗೆ ಏಬ್ರಿನ್ ಎಂಬ ಘೋರವಿಷವುಂಟು. ಗಟ್ಟಿಸಿಪ್ಪೆಯ ಬೀಜ ಇಡಿಯಾಗಿ ಹೊಟ್ಟೆಗೆ ಹೋದರೆ ಎಷ್ಟೋ ವೇಳೆ ಹಾಗೆಯೇ ಹೊರಬೀಳಬಹುದು. ಅಗಿದರೆ, ಕುಟ್ಟಿದರೆ, ತೂತು ಕೊರೆದುದನ್ನು ನುಂಗಿದರೆ ಪ್ರಾಣಾಪಾಯ. ಬಿಳಿಯ ಗುಲಗಂಜಿಯೂ ನಿರ್ವಿಷವಲ್ಲ. ಮಗು ಬೀಜವನ್ನು ಬಾಯಿಗೆ ಹಾಕಿಕೊಂಡಿತೆಂದು ಸಂದೇಹ ಬಂದರೂ ಸಾಕು, ವಾಂತಿಭೇದಿಗಾಗಿ ಕಾಯದೆ ಒಡನೆ ಆಸ್ಪತ್ರೆಗೆ ಕರೆದೊಯ್ಯಬೇಕು; ಲಕ್ಷಣಗಳು ಹಲವು ಗಂಟೆಗಳ ತರುವಾಯ ಕಾಣಿಸಿಕೊಳ್ಳಬಹುದು, ಪ್ರತಿವಿಷವೋ ಇಲ್ಲ. ಬೇರಿನಲ್ಲಿಯೂ ವಿಷದ ಲೇಶವುಂಟಾದುದರಿಂದ, “ನಮ್ಮಜ್ಜಿ ತಿಂದಿದ್ದರು” ಎಂಬ ಸಮಾಧಾನವನ್ನು ನಾನು ಒಪ್ಪಲಾರೆ.

ಗುರುತು ಹೀಗೆ. ಜೇಷ್ಠಮಧುವಿನ ಕಡ್ಡಿ ನೆಟ್ಟಗೆ, ಬೆರಳುಗಾತ್ರ, ಕಂದುಸಿಪ್ಪೆಯ ಮೇಲೆ ಉದ್ದುದ್ದನೆಯ ಸುಕ್ಕು. ಮುರಿದರೆ ನಾರು ನಾರಾಗಿ ಬಿಡಿಸಿಕೊಂಡು ಒಳಗೆ ಅರಿಸಿನದ ಛಾಯೆ ತೋರುವುದು. ನಾಲಗೆಗೆ ಮೊದಲಿನಿಂದಲೂ ಸಿಹಿ. ಗುಲಗಂಜಿಯ ಬೇರು ತಿರುಚಿಕೊಂಡು ಕಟ್ಟಿಗೆಯಂತಿದ್ದು ಒಳಗೆ ಮಾಸಲು. ರುಚಿನೋಡಿ ನಿರ್ಧರಿಸಹೋಗಬೇಡಿ, ಕಣ್ಣಿನಿಂದಲೇ ನೋಡಿ. ನಂಬಿಕೆಯ ಗ್ರಂಥಿಗೆ ಅಂಗಡಿಯಿಂದ ಕಡ್ಡಿಯನ್ನೇ ತರತಕ್ಕದ್ದು. ಪುಡಿಯಲ್ಲಿ ಏನು ಬೆರೆತಿದೆಯೆಂದು ಯಾರು ಬಲ್ಲರು?

25 ಗ್ರಾಂ ಕಡ್ಡಿಯನ್ನು ತೊಳೆದು, ಒರಳಿನಲ್ಲಿ ನಾರು ಬಿಡುವಷ್ಟು ಮಾತ್ರ ಜಜ್ಜಿ, 400 ಮಿಲಿಲೀಟರ್ ನೀರಿನಲ್ಲಿ ರಾತ್ರಿ ನೆನೆಯಿಟ್ಟು, ಬೆಳಗ್ಗೆ ಸಣ್ಣ ಉರಿಯಲ್ಲಿ ಕಾಲುಭಾಗಕ್ಕೆ ಇಳಿಯುವಂತೆ ಕುದಿಸಿರಿ. ಸೀಗೆಕಾಯಿಯ ನೀರಿನಂತೆ ಇದು ನೊರೆಯೇಳುವುದರಿಂದ ಪಾತ್ರೆ ಆಳವಾಗಿರಲಿ. ಬಟ್ಟೆಯಲ್ಲಿ ಹಿಂಡಿ ಸೋಸಿದ ಕಷಾಯಕ್ಕೆ 250 ಗ್ರಾಂ ಬೆಲ್ಲ ಕರಗಿಸಿ, ಕಸ ಸೋಸಿ, ಮತ್ತೆ ಒಲೆಯ ಮೇಲಿಟ್ಟು ಕೈಬಿಡದೆ ಕದಡಿರಿ. ಪಾಕ ಹರಳುಗಟ್ಟೀತೆಂದು ನಿಂಬೆರಸ ಹಿಂಡುವವರುಂಟು. ಇಲ್ಲಿ ಅದು ಕೂಡದು, ಹುಳಿ ಸೇರಿದರೆ ಬೇರಿನ ಸತ್ತ್ವ ಬೇರ್ಪಟ್ಟು ತಳಕ್ಕಿಳಿಯುವುದು. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಡಿ: ಮೆತ್ತಗೆ ಉಂಡೆಯಾದರೆ ಇನ್ನೂ ಕಾಯಬೇಕು, ಬಟ್ಟಲಿಗೆ ಬಡಿದಾಗ ಟಣ್ ಎಂದರೆ ಇಳಿಸಬೇಕು. ಅರ್ಧ ಚಮಚ ಒಣಶುಂಠಿಯ ಪುಡಿ, ಕಾಲು ಚಮಚ ಮೆಣಸಿನ ಪುಡಿ ಬೆರೆಸಿ, ತುಪ್ಪ ಸವರಿದ ತಟ್ಟೆಗೆ ಸುರಿದು, ಬಿಸಿಯಾರುವ ಮುನ್ನ ಕಡಲೆಕಾಳಿಗಿಂತ ತುಸು ದೊಡ್ಡದಾಗಿ, 120ರಷ್ಟು ಗುಳಿಗೆಗಳಾಗುವಂತೆ ಕತ್ತರಿಸಿಕೊಳ್ಳಿ.

ಒಣಗಿದ ಗಾಜಿನ ಭರಣಿಯಲ್ಲಿಡಿ, ಮಳೆಗಾಲಕ್ಕೆ ನೀರುಬಿಡುತ್ತದೆ. ವಯಸ್ಕರಿಗೆ ದಿನಕ್ಕೆ ನಾಲ್ಕು, ಅದೂ ಒಂದು ವಾರದ ಮಟ್ಟಿಗೆ. ಈ ಬೇರು ಅತಿಯಾದರೆ ದೇಹ ಉಪ್ಪನ್ನು ಹಿಡಿದಿಟ್ಟು ಪೊಟ್ಯಾಸಿಯಂ ಕಳೆದುಕೊಳ್ಳುವುದರಿಂದ ರಕ್ತದೊತ್ತಡ ಏರುವುದು, ಹೃದಯದ ಬಡಿತ ತಪ್ಪುವುದು. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ವ್ಯಾಧಿಯುಳ್ಳವರೂ ಗರ್ಭಿಣಿಯರೂ ಮುಟ್ಟಬಾರದು. ಬೆಲ್ಲವಿರುವುದರಿಂದ ಮಧುಮೇಹಿಗಳಿಗೂ ಇದು ಸಲ್ಲದು. ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿರುವುದರಿಂದ 5 ವರ್ಷದೊಳಗಿನ ಮಕ್ಕಳ ಕೈಗೆ ಗುಳಿಗೆ ಕೊಡಬೇಡಿ.